ಲೆಸ್ಟರ್‌ನ ಗೋದಾಮಿನಿಂದ ಕಂಡ ಬ್ರೆಕ್ಸಿಟ್ ಮಾತುಕತೆ

ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂದು 2016ರ ಜೂನ್ 23ರಂದು ಬ್ರಿಟನ್ನಿನ ಜನರ ಮತ ಕೇಳಿದಾಗ ನನ್ನ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟ್. ಆದರೂ ನನಗೆ ಮತದಾನದ ಹಕ್ಕಿತ್ತು, ಏಕೆಂದರೆ ಈ ದೇಶದಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳು ಚುನಾವಣೆಗಳಲ್ಲಿ ಮತ ಹಾಕಬಹುದೆಂಬ ನಿಯಮ ಆ ಜನಮತಗಣನೆಗೂ ಅನ್ವಯಿಸಿತ್ತು. ನಮ್ಮ ಗೋದಾಮಿನ ಮೇಲ್ವಿಚಾರಕರು ಪೋಲೆಂಡಿನವರು. ನನಗಿಂತ ಬಹಳ ಮೊದಲೇ ಲೆಸ್ಟರ್‌ಗೆ ಬಂದು ಮನೆ ಕೊಂಡು, ಇಬ್ಬರು ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಿದ್ದವರು. ಅವರಿಗೆ ಮತವಿರಲಿಲ್ಲ. ಆ ದಿನ ನಾನು ಮತಗಟ್ಟೆಯಿಂದ ಕೆಲಸಕ್ಕೆ ಹಿಂದಿರುಗಿದಾಗ ಅವರು ಲಾರಿಗೆ ಸರಕು ಏರಿಸುತ್ತಿದ್ದರು. ಯಾವುದರ ಪರ ಮತ ಹಾಕಿದಿರೆಂದು ಅವರು ಕೇಳಲಿಲ್ಲ, ನಾನಾಗಿ ಹೇಳುವ ಧೈರ್ಯವೂ ನನಗೆ ಬರಲಿಲ್ಲ. ನಾನು ಉಳಿಯುವುದರ ಪರವಾಗಿಯೇ ಮತ ಹಾಕಿದ್ದೆ.

ನಾನು ಕೆಲಸ ಮಾಡುವುದು ಗುಜರಾತಿ ಕುಟುಂಬವೊಂದು ನಡೆಸುವ ಸಣ್ಣ ಬಟ್ಟೆ ವ್ಯಾಪಾರದ ಸಂಸ್ಥೆಯಲ್ಲಿ. ಬೆಂಗಳೂರು ಮತ್ತು ತಿರುಪ್ಪೂರಿನಿಂದ ಹತ್ತಿಯ ಸಿದ್ಧ ಉಡುಪು ತರಿಸುವುದು, ಭಾರತದ ಬಟ್ಟೆಯಿಂದ ಮಕ್ಕಳ ಫ್ರಾಕುಗಳನ್ನು ಇಲ್ಲಿಯೇ ಒಂದು ಪುಟ್ಟ ಹೊಲಿಗೆ ಘಟಕದಲ್ಲಿ ಹೊಲಿಸುವುದು, ಎರಡನ್ನೂ ಬ್ರಿಟನ್, ಐರ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್‌ಗಳ ಅಂಗಡಿಗಳಿಗೆ ಒದಗಿಸುವುದು ನಮ್ಮ ವ್ಯವಹಾರ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತೇವೆ. 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡದಿಂದ ಹೊರಹಾಕಿದಾಗ ಅವರು ತಂದೆತಾಯಿಯ ಜೊತೆ ಬಂದ ಹುಡುಗ. ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿಯೇ ಜಾಹೀರಾತು ಕೊಟ್ಟಿತ್ತು. ಅಂಥ ಊರಿನಲ್ಲಿ ಅವರು ಬದುಕು ಕಟ್ಟಿಕೊಂಡರು. ಅವರ ಮತ ಹೊರಬರುವುದರ ಪರ. ರಾಜಕೋಟೆಯಲ್ಲಿರುವ ಸೋದರಳಿಯನಿಗೆ ವೀಸಾ ಸಿಗುವುದಿಲ್ಲ, ಯುರೋಪಿನ ಯಾರು ಬೇಕಾದರೂ ಬಂದು ನೆಲೆಸಬಹುದು, ಇದು ಯಾವ ನ್ಯಾಯ ಎಂಬುದು ಅವರ ಮೊದಲ ಪ್ರಶ್ನೆ. ಒಕ್ಕೂಟದ ಒಳಗಿರುವ ತನಕ ಭಾರತದ ಜೊತೆ ಬ್ರಿಟನ್ ಸ್ವಂತವಾಗಿ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿಲ್ಲ, ಹೊರಬಂದರೆ ನಮ್ಮ ಬಟ್ಟೆಯ ಮೇಲಿನ ಸುಂಕ ಇಳಿಯುತ್ತದೆ ಎಂಬುದು ಎರಡನೆಯ ವಾದ. ಎರಡರಲ್ಲಿಯೂ ಹುರುಳಿತ್ತು, ಅದನ್ನು ನಾನು ಅಂದೂ ಒಪ್ಪಿಕೊಂಡಿದ್ದೆ. ದೇಶ ಶೇ. 51.9 ಮತಗಳಿಂದ ಹೊರಬರಲು ತೀರ್ಮಾನಿಸಿತು; ಲೆಸ್ಟರ್ ನಗರ ಶೇ. 51.1ರಷ್ಟು ಮತಗಳಿಂದ ಉಳಿಯಬೇಕೆಂದಿತು. ನಮ್ಮ ಆಫೀಸಿನೊಳಗಿನ ಲೆಕ್ಕವೂ ಸುಮಾರು ಹಾಗೆಯೇ ಎರಡು ಪಾಲಾಗಿತ್ತು.

ಆಗಿನ ನನ್ನ ಕೆಲಸದ ಸ್ವರೂಪವನ್ನು ಹೇಳದಿದ್ದರೆ ಮುಂದೆ ಆದದ್ದರ ತೂಕ ತಿಳಿಯುವುದಿಲ್ಲ. ನೆದರ್ಲೆಂಡ್ಸ್‌ನ ಹೇಗ್ ನಗರದ ಅಂಗಡಿಗೆ ಒಂದು ಲಾರಿ ಹೊರಡಬೇಕಾದರೆ ಒಂದು ಇನ್‌ವಾಯ್ಸ್, ಅದರ ಮೇಲೆ ಎರಡೂ ಕಡೆಯ ವ್ಯಾಟ್ ಸಂಖ್ಯೆ, ಲಾರಿ ಚಾಲಕನ ಕೈಗೆ ಒಂದು ಸಾಗಣೆ ಪತ್ರ, ಇಷ್ಟಿದ್ದರೆ ಸಾಕಿತ್ತು. ಭಾರತದ ಸರಕು ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಇಳಿದು ಸುಂಕ ಕಟ್ಟಿದ ಮೇಲೆ ಅದು ಯುರೋಪಿನ ಸರಕೇ ಆಗಿಬಿಡುತ್ತಿತ್ತು. ಬಳಿಕ ಅದು ಬರ್ಮಿಂಗ್‌ಹ್ಯಾಮಿಗೆ ಹೋದರೂ ಒಂದೇ, ಬ್ರಸೆಲ್ಸಿಗೆ ಹೋದರೂ ಒಂದೇ. ಎಲ್ಲಿ ನೇಯ್ದದ್ದು, ಎಲ್ಲಿ ಹೊಲಿದದ್ದು ಎಂದು ದಾರಿಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಸುಂಕ ಒಕ್ಕೂಟ ಎಂದರೆ ಅಷ್ಟೇ: ಹೊರಬಾಗಿಲಿನಲ್ಲಿ ಒಮ್ಮೆ ಕೇಳುತ್ತಾರೆ, ಒಳಗಿನ ಕೋಣೆಗಳ ನಡುವೆ ಕೇಳುವುದಿಲ್ಲ.

ಮೊದಲ ಎರಡು ವರ್ಷ ಮಾತು ಮೇಲುಮಟ್ಟದಲ್ಲಿಯೇ ನಡೆಯಿತು. ಪ್ರಧಾನಿ ತೆರೇಸಾ ಮೇ 2016ರ ನವೆಂಬರ್‌ನಲ್ಲಿ ಭಾರತಕ್ಕೆ ಹೋದರು. 8ನೇ ತಾರೀಖು ಅವರು ಸೀರೆ ಉಟ್ಟು ಬೆಂಗಳೂರಿನ ಹಲಸೂರು ಸೋಮೇಶ್ವರ ದೇವಸ್ಥಾನಕ್ಕೆ ಭೇಟಿ ಕೊಟ್ಟ ಚಿತ್ರವನ್ನು ಕಾಕಾ ನನಗೆ ತೋರಿಸಿ, ನಿಮ್ಮ ಊರಿಗೇ ಹೋಗಿದ್ದಾರೆ ನೋಡಿ ಬೆಹನ್, ಒಪ್ಪಂದ ಇನ್ನು ದೂರವಿಲ್ಲ ಎಂದರು. ಅದೇ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದ ಕಾರಣ ನಮ್ಮಣ್ಣನ ಮನೆಯಲ್ಲಿ ಆ ಭೇಟಿಯನ್ನು ಯಾರೂ ನೆನೆಯಲಿಲ್ಲ. ಭಾರತದ ಕಡೆಯವರು ವ್ಯಾಪಾರದ ಜೊತೆಗೆ ವೀಸಾಗಳ ಮಾತೆತ್ತಿದರು, ಮಾತು ಅಲ್ಲಿಗೇ ನಿಂತಿತು.

2017ರ ಜನವರಿಯಲ್ಲಿ ಮೇ ಅವರು ಒಕ್ಕೂಟದ ದೇಶಗಳೆಲ್ಲ ಒಂದೇ ನಿಯಮದಡಿ ವ್ಯಾಪಾರ ಮಾಡುವ ಏಕ ಮಾರುಕಟ್ಟೆಯಿಂದಲೂ ಹೊರಬರುವುದಾಗಿ, ಕೆಟ್ಟ ಒಪ್ಪಂದಕ್ಕಿಂತ ಒಪ್ಪಂದವೇ ಇಲ್ಲದಿರುವುದು ಮೇಲೆಂದು ಹೇಳಿದ ಭಾಷಣದ ನಂತರ ಊರೆಲ್ಲ ಎರಡಾಯಿತು. ಟೀವಿಯಲ್ಲಿ, ಪಬ್ಬುಗಳಲ್ಲಿ, ಮದುವೆ ಮನೆಗಳಲ್ಲಿ ಅದೇ ಜಗಳ. ಒಬ್ಬರು ಸಾರ್ವಭೌಮತ್ವ ಎನ್ನುತ್ತಿದ್ದರು, ಇನ್ನೊಬ್ಬರು ಆರ್ಥಿಕ ದುರಂತ ಎನ್ನುತ್ತಿದ್ದರು. ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಬಹಳ ಚಿಕ್ಕದಾಗಿತ್ತು: ನಮ್ಮ ಫ್ರಾಕು ನಾಳೆ ಯಾವ ದೇಶದ್ದು? ಇದಕ್ಕೆ ಹತ್ತಿರದ ಮಾತನ್ನು ನಾನು ಮೊದಲ ಸಲ ಕೇಳಿದ್ದು 2018ರ ಮೇ ತಿಂಗಳಿನಲ್ಲಿ, ತೆರಿಗೆ ಮತ್ತು ಸುಂಕದ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಥಾಂಪ್ಸನ್ ಸಂಸದರ ಸಮಿತಿಯೊಂದರ ಎದುರು ಸಾಕ್ಷಿ ಹೇಳಿದಾಗ. ಒಂದೊಂದು ಸುಂಕ ಘೋಷಣೆಗೆ ಸರಾಸರಿ 32.50 ಪೌಂಡ್ ಖರ್ಚು ಬೀಳುತ್ತದೆಂದೂ, ಸರ್ಕಾರದ ಕೆಲವರು ಒಲವು ತೋರಿದ್ದ ವ್ಯವಸ್ಥೆಯಿಂದ ವ್ಯಾಪಾರಿಗಳ ಮೇಲೆ ವರ್ಷಕ್ಕೆ 2,000 ಕೋಟಿ ಪೌಂಡಿನವರೆಗೆ ಹೊರೆ ಬೀಳಬಹುದೆಂದೂ ಅವರು ಹೇಳಿದರು. ಅದರಲ್ಲಿ ಸರಕಿನ ಮೂಲವನ್ನು ಸಾಬೀತುಪಡಿಸುವ ಖರ್ಚೂ ಸೇರಿತ್ತು. ಮರುದಿನದಿಂದ ಚರ್ಚೆಯಾದದ್ದು ಆ ಅಧಿಕಾರಿ ಯಾರ ಪರ ಎಂಬುದು. ಆ ಖರ್ಚನ್ನು ಯಾರು ಹೊರಬೇಕು, ಹೇಗೆ ಇಳಿಸಬಹುದು ಎಂಬುದಲ್ಲ. ನನಗೆ ಆಗ ಬಂದ ಸಿಟ್ಟು ಇಂದಿಗೂ ಆರಿಲ್ಲ. ಉಳಿಯಬೇಕೆಂದವರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಹೊರಬರುವುದನ್ನು ತಡೆಯುವುದರಲ್ಲಿಯೇ ಅವರ ಶಕ್ತಿಯೆಲ್ಲ ಹೋಯಿತು, ಹೊರಬಂದರೆ ಯಾವ ಬಗೆಯಲ್ಲಿ ಬರಬೇಕೆಂಬ ಚೌಕಾಸಿಗೆ ಏನೂ ಉಳಿಯಲಿಲ್ಲ.

ಇದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ 2019ರ ಏಪ್ರಿಲ್ 1ರ ರಾತ್ರಿ. ಹೊರಬರುವ ಬಗ್ಗೆ ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡಿದ್ದ ಒಪ್ಪಂದ ಸಂಸತ್ತಿನ ಕೆಳಮನೆಯಲ್ಲಿ ಜನವರಿ 15ರಂದು 202ಕ್ಕೆ ಎದುರಾಗಿ 432 ಮತಗಳಿಂದ ಬಿದ್ದಿತ್ತು, ಆಮೇಲೆ ಇನ್ನೆರಡು ಸಲವೂ ಬಿದ್ದಿತ್ತು. ನಿಮಗೆ ಬೇಡವಾದದ್ದು ತಿಳಿಯಿತು, ಬೇಕಾದದ್ದೇನೆಂದು ಹೇಳಿ ಎಂಬಂತೆ ಕೆಳಮನೆಯ ಎದುರು ಹಲವು ಸೂಚನೆಗಳನ್ನು ಇಡಲಾಯಿತು. ಅವುಗಳಲ್ಲಿ ಒಂದು ಹಿರಿಯ ಸಂಸದ ಕೆನ್ ಕ್ಲಾರ್ಕ್ ಮಂಡಿಸಿದ್ದು: ಒಕ್ಕೂಟವನ್ನು ಬಿಟ್ಟರೂ ಅದರ ಜೊತೆ ಶಾಶ್ವತ ಸುಂಕ ಒಕ್ಕೂಟವೊಂದನ್ನು ಇಟ್ಟುಕೊಳ್ಳುವುದು. ಅಂದು ಕಾಕಾ ಮತ್ತು ನಾನು ಆಫೀಸಿನಲ್ಲಿಯೇ ಉಳಿದು, ಎದುರಿನ ಅಂಗಡಿಯಿಂದ ತರಿಸಿದ ಚಹಾ ಕುಡಿಯುತ್ತಾ ಕಂಪ್ಯೂಟರಿನಲ್ಲಿ ಮತ ಎಣಿಕೆ ನೋಡುತ್ತಿದ್ದೆವು. ಪರ 273, ವಿರುದ್ಧ 276. ಮೂರೇ ಮತ. ಅದು ಗೆದ್ದಿದ್ದರೆ ಎಲ್ಲ ಕಾಗದಪತ್ರವೂ ತಪ್ಪುತ್ತಿತ್ತು ಎಂದಲ್ಲ, ಆದರೆ ನಮ್ಮ ಬಟ್ಟೆಯ ಮೂಲದ ಪ್ರಶ್ನೆ ಏಳುತ್ತಿರಲಿಲ್ಲ. ಸುಂಕ ಒಕ್ಕೂಟದಲ್ಲಿದ್ದರೆ ಭಾರತದ ಜೊತೆ ಸ್ವಂತ ಒಪ್ಪಂದ ಆಗುವುದಿಲ್ಲ ಎಂದು ಕಾಕಾ ನೆಮ್ಮದಿಯ ಉಸಿರು ಬಿಟ್ಟರು. ನಾನು ಮಾತನಾಡದೆ ಬ್ಯಾಗ್ ತೆಗೆದುಕೊಂಡು ಹೊರಟೆ. ಒಕ್ಕೂಟ ಬಿಡುವುದೇ ಬೇಡವೆಂದ ಕೆಲವು ಸಂಸದರು ಕೂಡ ಆ ಸೂಚನೆಯನ್ನು ಬೆಂಬಲಿಸಿರಲಿಲ್ಲ ಎಂಬುದು ಮರುದಿನ ತಿಳಿದಾಗ ಕಾಕಾ ಅವರಿಗಿಂತ ನನ್ನ ಕಡೆಯವರ ಮೇಲೆಯೇ ನನಗೆ ಹೆಚ್ಚು ನೋವಾಯಿತು.

ಹೊರಡುವ ದಿನಾಂಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. 2019ರ ಮಾರ್ಚ್ 29 ಎಂದರು. ಫೆಬ್ರುವರಿಯಲ್ಲಿ ಮೂರು ತಿಂಗಳಿಗಾಗುವಷ್ಟು ಸರಕನ್ನು ಮುಂಚಿತವಾಗಿ ಹೇಗ್ ಮತ್ತು ಡಬ್ಲಿನ್‌ಗೆ ಕಳಿಸಿದೆವು. ಅಕ್ಟೋಬರ್ 31 ಎಂದರು. ಸಿದ್ಧರಾಗಿ ಎಂಬ ಸರ್ಕಾರಿ ಜಾಹೀರಾತುಗಳು ಬಸ್ ನಿಲ್ದಾಣಗಳಲ್ಲೆಲ್ಲ ಕಂಡವು, ಮತ್ತೆ ಸಿದ್ಧರಾದೆವು. ಕೊನೆಗೆ 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತಾದರೂ ಆ ವರ್ಷದ ಡಿಸೆಂಬರ್ 31ರವರೆಗೆ ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಒಂದೇ ಮದುವೆಗೆ ಮೂರು ಸಲ ಚಪ್ಪರ ಹಾಕಿದಂತೆ ನಮ್ಮಂಥ ಸಣ್ಣ ವ್ಯಾಪಾರಿಗಳ ಹಣ ಹೋಯಿತು.

ಆ ವರ್ಷ ನಾನು ಸುಂಕದ ಭಾಷೆ ಕಲಿತೆ. ಅಡುಗೆ ಮನೆಯ ಮೇಜಿನ ಮೇಲೆ ರಾತ್ರಿ ಹೊತ್ತು ಆನ್‌ಲೈನ್ ತರಗತಿ. ಪಕ್ಕದಲ್ಲಿ ನಮ್ಮದೇ ಸರಕಿನ ಮಾದರಿಗಳು. ಹುಡುಗಿಯರ ಹತ್ತಿ ಫ್ರಾಕು ನೇಯ್ದ ಬಟ್ಟೆಯದಾದರೆ ಅದರ ಸಂಕೇತ ಸಂಖ್ಯೆ 6204ರಿಂದ ಮೊದಲಾಗುತ್ತದೆ, ಹೆಣೆದ ಬಟ್ಟೆಯದಾದರೆ 6104ರಿಂದ. ಎರಡನ್ನೂ ಗುರುತಿಸಲು ಬಟ್ಟೆಯ ಅಂಚನ್ನು ಹಿಗ್ಗಿಸಿ, ಭೂತಗನ್ನಡಿಯ ಕೆಳಗೆ ಎಳೆಗಳು ಅಡ್ಡ-ಉದ್ದ ಹಾಯ್ದಿವೆಯೋ ಕುಣಿಕೆಗಳಾಗಿ ಸೇರಿವೆಯೋ ನೋಡಬೇಕು. ಸರಕಿನ ಕೆಳಗಿಡುವ ಮರದ ಪ್ಯಾಲೆಟ್‌ಗಳಿಗೂ ನಿಯಮ ಬಂದಿತು: ಕೀಟಗಳು ಸಾಯುವಂತೆ ಅವುಗಳನ್ನು ಕಾಯಿಸಿ, ತೆನೆಯ ಚಿತ್ರದ ಮುದ್ರೆ ಒತ್ತಿರಬೇಕು. ನಮ್ಮ ಮೇಲ್ವಿಚಾರಕರು ಒಂದು ಭಾನುವಾರವಿಡೀ ಟಾರ್ಚ್ ಹಿಡಿದು ಗೋದಾಮಿನ ಹಿಂದೆ ಜೋಡಿಸಿಟ್ಟ ಹಳೆಯ ಪ್ಯಾಲೆಟ್‌ಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ಮುದ್ರೆ ಇಲ್ಲದವುಗಳಿಗೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟರು. ಅವರ ಬೆರಳುಗಳಲ್ಲಿ ಆ ಬಣ್ಣ ಒಂದು ವಾರ ಉಳಿದಿತ್ತು.

ಒಪ್ಪಂದ ಆಗುವುದೋ ಇಲ್ಲವೋ ಎಂಬುದು ಡಿಸೆಂಬರ್ ಮುಗಿಯುತ್ತ ಬಂದರೂ ತಿಳಿದಿರಲಿಲ್ಲ. ಒಕ್ಕೂಟದ ಪರವಾಗಿ ಮಿಶೆಲ್ ಬಾರ್ನಿಯೆ, ಬ್ರಿಟನ್ ಪರವಾಗಿ ಡೇವಿಡ್ ಫ್ರಾಸ್ಟ್ ಮೀನುಗಾರಿಕೆಯ ಪಾಲಿನ ಬಗ್ಗೆ ಹಗಲಿರುಳು ವಾದಿಸುತ್ತಿದ್ದರು. ಬಟ್ಟೆಯ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಇರಲಿಲ್ಲ. 20ನೇ ತಾರೀಖು ಕೋವಿಡ್‌ನ ಹೊಸ ತಳಿಯ ಭಯದಿಂದ ಫ್ರಾನ್ಸ್ ತನ್ನ ಗಡಿಯನ್ನೇ ಮುಚ್ಚಿತು. ಸಾವಿರಾರು ಲಾರಿಗಳನ್ನು ಕೆಂಟ್‌ನ ಮ್ಯಾನ್‌ಸ್ಟನ್ ವಿಮಾನ ನಿಲ್ದಾಣದ ಬಯಲಿನಲ್ಲಿ ನಿಲ್ಲಿಸಿದರು. ನಮ್ಮ ಸರಕು ಹೊತ್ತ ಲಾರಿಯೂ ಅಲ್ಲಿ ಸಿಕ್ಕಿಬಿತ್ತು. ಚಾಲಕ ರೊಮೇನಿಯಾದವನು, ಕ್ರಿಸ್ಮಸ್‌ಗೆ ಮನೆಗೆ ಹೋಗಬೇಕಾಗಿದ್ದವನು. ದಿನಕ್ಕೆರಡು ಸಲ ಫೋನ್ ಮಾಡಿ ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು ನನಗೆ ಬೇರೇನೂ ಮಾಡಲಾಗಲಿಲ್ಲ.

24ರ ಮಧ್ಯಾಹ್ನ ಒಪ್ಪಂದವಾಯಿತು. ಪ್ರಧಾನಿ ಬೋರಿಸ್ ಜಾನ್ಸನ್ ಟೀವಿಯಲ್ಲಿ, ಸುಂಕವೂ ಇರುವುದಿಲ್ಲ, ಸುಂಕೇತರ ಅಡೆತಡೆಗಳೂ ಇರುವುದಿಲ್ಲ ಎಂದರು. ಕಾಕಾ ತಕ್ಷಣ ಫೋನ್ ಮಾಡಿದರು. ‘ಬೆಹನ್, ಕೇಳಿಸಿಕೊಂಡಿರಾ? ಝೀರೋ ಸುಂಕ! ನಾನು ಹೇಳಿರಲಿಲ್ಲವೇ?’ ಅವರ ದನಿಯಲ್ಲಿದ್ದ ಸಂತೋಷ ನಿಜವಾದದ್ದು. ನನಗೂ ಸಂತೋಷವೇ ಆಯಿತು. 26ರಂದು ಒಪ್ಪಂದದ ಪೂರ್ತಿ ಪಠ್ಯ ಪ್ರಕಟವಾಯಿತು, ಸಾವಿರದ ಇನ್ನೂರಕ್ಕೂ ಹೆಚ್ಚು ಪುಟ. ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ಮೂಲ ನಿಯಮಗಳ ಅಧ್ಯಾಯವನ್ನು ಹುಡುಕಿ, ಅದರ ಅನುಬಂಧದಲ್ಲಿ ನಮ್ಮ ಸಂಕೇತ ಸಂಖ್ಯೆಯ ಸಾಲಿಗೆ ಬೆರಳಿಟ್ಟು ಓದಿದೆ. ಸುಂಕವಿಲ್ಲದಿರುವುದು ಬ್ರಿಟನ್ ಮೂಲದ ಅಥವಾ ಒಕ್ಕೂಟದ ಮೂಲದ ಸರಕಿಗೆ ಮಾತ್ರ. ಬೆಂಗಳೂರಿನಲ್ಲಿ ಹೊಲಿದದ್ದನ್ನು ಇಲ್ಲಿ ಬರೀ ಮಡಿಸಿ, ಚೀಟಿ ಅಂಟಿಸಿ, ಪೊಟ್ಟಣ ಕಟ್ಟಿದರೆ ಅದು ಬ್ರಿಟನ್ನಿನದಾಗುವುದಿಲ್ಲ, ಇದು ನಾನು ನಿರೀಕ್ಷಿಸಿದ್ದದ್ದೇ. ಎದೆ ಝಲ್ಲೆಂದದ್ದು ಮುಂದಿನ ಸಾಲಿಗೆ: ಫ್ರಾಕು ಬ್ರಿಟನ್ನಿನದೆನಿಸಬೇಕಾದರೆ ಕತ್ತರಿಸಿ ಹೊಲಿಯುವುದರ ಜೊತೆಗೆ ಬಟ್ಟೆಯನ್ನು ನೇಯುವುದೂ ಸಾಮಾನ್ಯವಾಗಿ ಇಲ್ಲಿ ಇಲ್ಲವೇ ಒಕ್ಕೂಟದಲ್ಲಿ ಆಗಿರಬೇಕು. ನಮ್ಮ ಹೊಲಿಗೆ ಘಟಕದ ಒಂಬತ್ತು ಹೆಂಗಸರು ಲೆಸ್ಟರ್‌ನಲ್ಲಿ ಕುಳಿತು, ಲೆಸ್ಟರ್‌ನ ಕೂಲಿಗೆ ಹೊಲಿದ, ಕೊರಳಪಟ್ಟಿಯಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂದು ಬರೆದ ಫ್ರಾಕು, ಭಾರತದಲ್ಲಿ ನೇಯ್ದ ಬಟ್ಟೆಯದಾದ ಕಾರಣ, ಈ ಒಪ್ಪಂದದ ಕಣ್ಣಿನಲ್ಲಿ ಬ್ರಿಟನ್ನಿನದಲ್ಲ.

28ರಂದು ಇದನ್ನು ಕಾಕಾ ಅವರಿಗೆ ಹೇಳಿದಾಗ ಅವರು ನಂಬಲಿಲ್ಲ. ಪ್ರಧಾನಿ ಸುಳ್ಳು ಹೇಳುತ್ತಾರೆಯೇ ಎಂದರು. ನೀವು ಮೊದಲಿನಿಂದಲೂ ಇದರ ವಿರುದ್ಧ, ಆದ್ದರಿಂದ ಹಾಗೆ ಓದುತ್ತಿದ್ದೀರಿ ಎಂದರು. ನನಗೆ ಕಣ್ಣು ತುಂಬಿಬಂತು. ನಾಲ್ಕೂವರೆ ವರ್ಷದ ವಾದದಲ್ಲಿ ಅವರು ನನ್ನ ಕೆಲಸದ ಪ್ರಾಮಾಣಿಕತೆಯ ಮೇಲೆ ಸಂಶಯ ಪಟ್ಟಿದ್ದು ಅದೊಂದೇ ಸಲ. ದೇಶದ ಜಗಳ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ನನಗೆ ತಿಳಿದದ್ದು ಆಗ: ನಿಯಮವೊಂದರ ಅರ್ಥವನ್ನೂ ಓದುವವರ ಪಕ್ಷ ಯಾವುದೆಂದು ನೋಡಿ ತೀರ್ಮಾನಿಸುವ ಮಟ್ಟಕ್ಕೆ. ನಾನು ಆ ಪುಟಗಳನ್ನು ಮುದ್ರಿಸಿ ಅವರ ಮೇಜಿನ ಮೇಲಿಟ್ಟು ಬಂದೆ. 30ರಂದು ಕೆಳಮನೆ ಒಂದೇ ದಿನದಲ್ಲಿ 521ಕ್ಕೆ 73 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. ಸಂಜೆ ಕಾಕಾ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಓದಿದೆ, ನೀವು ಹೇಳಿದ್ದೇ ಸರಿ, ತಪ್ಪಾಯಿತು ಬೆಹನ್ ಎಂದು ಹೇಳಿ, ಈಗ ಏನು ಮಾಡೋಣ ಎಂದು ಕೇಳಿದರು.

ಜನವರಿಯ ಮೊದಲ ರವಾನೆ ಹೇಗ್‌ಗೆ. ಆ ಅಂಗಡಿಯವರು ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಮನೆತನದವರು, ಇಪ್ಪತ್ತು ವರ್ಷದ ಗಿರಾಕಿ. ಇನ್‌ವಾಯ್ಸಿನ ಕೆಳಗೆ ಸರಕು ಬ್ರಿಟನ್ ಮೂಲದ್ದೆಂಬ ಘೋಷಣಾ ವಾಕ್ಯವನ್ನು ಬರೆದುಬಿಡಿ, ಎಲ್ಲರೂ ಹಾಗೆಯೇ ಬರೆಯುತ್ತಿದ್ದಾರೆ ಎಂದು ನಾವು ಗೊತ್ತುಮಾಡಿದ ಕ್ಲಿಯರಿಂಗ್ ಏಜೆಂಟರು ಸಲಹೆ ಕೊಟ್ಟರು. ನಾನು ಬರೆಯಲಿಲ್ಲ. ಆ ವಾಕ್ಯದ ಹೊಣೆ ಬರೆದವರದು; ವರ್ಷಗಳ ಬಳಿಕವೂ ಪುರಾವೆ ಕೇಳಬಹುದು. ಘೋಷಣೆ ಇಲ್ಲದ ಕಾರಣ ರೋಟರ್‌ಡ್ಯಾಮಿನಲ್ಲಿ ಉಡುಪಿನ ಮೇಲಿನ ಸಾಮಾನ್ಯ ದರ, ಶೇ. 12 ಸುಂಕ ಬಿತ್ತು. 20,000 ಪೌಂಡಿನ ಸರಕಿಗೆ 2,400 ಪೌಂಡ್, ಮೇಲೆ ಅಲ್ಲಿನ ವ್ಯಾಟ್. ಭಾರತದಿಂದ ಬಂದಾಗ ಇದೇ ಬಟ್ಟೆಗೆ ಫೆಲಿಕ್ಸ್‌ಸ್ಟೋದಲ್ಲಿ ಒಮ್ಮೆ ಸುಂಕ ಕಟ್ಟಿಯಾಗಿತ್ತು ಎಂದು ನಾನು ಅಲ್ಲಿಯವರಿಗೆ ಫೋನಿನಲ್ಲಿ ವಿವರಿಸಿದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಆ ಅಧಿಕಾರಿ ಸೌಜನ್ಯದಿಂದಲೇ ಕೇಳಿ, ಸೌಜನ್ಯದಿಂದಲೇ ಮೊತ್ತವನ್ನು ಮತ್ತೊಮ್ಮೆ ಓದಿ ಹೇಳಿದರು. ಅಂಗಡಿಯವರು, ಸುಂಕವಿಲ್ಲವೆಂದು ನಿಮ್ಮ ಪ್ರಧಾನಿಯೇ ಹೇಳಿದ್ದಾರಲ್ಲ, ನಾನೇಕೆ ಕಟ್ಟಲಿ ಎಂದರು. ಹನ್ನೊಂದು ದಿನ ಸರಕು ಬಂದರಿನಲ್ಲಿ ಉಳಿಯಿತು. ಕೊನೆಗೆ ಅರ್ಧ ಅವರು, ಅರ್ಧ ನಾವು ಕಟ್ಟಿ ಬಿಡಿಸಿಕೊಂಡೆವು. ಆ ಸರಕಿನಲ್ಲಿ ನಮಗೆ ಲಾಭವೆಂಬುದು ಉಳಿಯಲಿಲ್ಲ.

ಬೆಲ್‌ಫಾಸ್ಟ್‌ನ ಅಂಗಡಿಯದು ಇನ್ನೊಂದು ಬಗೆಯ ಕಷ್ಟ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವೇ ಆದರೂ ಅಲ್ಲಿ ಐರ್ಲೆಂಡಿನ ನೆಲಗಡಿಯಲ್ಲಿ ಬೇಲಿ ಏಳಬಾರದೆಂದು ಸರಕಿಗೆ ಒಕ್ಕೂಟದ ನಿಯಮಗಳನ್ನೇ ಉಳಿಸಿದ್ದರಿಂದ, ನಮ್ಮದೇ ದೇಶದೊಳಗೆ ಸಮುದ್ರ ದಾಟುವ ಪೆಟ್ಟಿಗೆಗೂ ಘೋಷಣೆ ಬೇಕಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಆ ಪ್ರಾಂತ್ಯ ಬಳಲಿತು. ಬ್ರಿಟನ್ ಮತ್ತು ಒಕ್ಕೂಟದ ನಡುವೆ 2023ರಲ್ಲಿ ಆದ ವಿಂಡ್ಸರ್ ಒಪ್ಪಂದದ ಬಳಿಕ ಕೆಲಸ ಸ್ವಲ್ಪ ಹಗುರವಾಗಿದೆ.

ನಮ್ಮ ಪರಿಹಾರ ಸರಳವಾಗಿತ್ತು, ಅದೇ ನೋವಿನದೂ ಆಗಿತ್ತು. ಯುರೋಪಿಗೆ ಹೋಗುವ ಸರಕನ್ನು ಲೆಸ್ಟರ್‌ಗೆ ತರಿಸದೆ ಭಾರತದಿಂದ ನೇರವಾಗಿ ರೋಟರ್‌ಡ್ಯಾಮಿಗೆ ಇಳಿಸಿ, ಅಲ್ಲಿಯೇ ಬಾಡಿಗೆಯ ಗೋದಾಮಿನಿಂದ ಹಂಚುವುದು. 2021ರ ಬೇಸಿಗೆಯಲ್ಲಿ ಹಾಗೆಯೇ ಮಾಡಿದೆವು. ಇಲ್ಲಿಯ ಗೋದಾಮಿನಲ್ಲಿ ಇಬ್ಬರ ಕೆಲಸ ಹೋಯಿತು; ಹೊಲಿಗೆ ಘಟಕ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಹೊಸ ಗೋದಾಮನ್ನು ನೋಡಿಕೊಳ್ಳಲು ನಮ್ಮ ಪೋಲಿಷ್ ಮೇಲ್ವಿಚಾರಕರೇ ಹೋದರು. ನನಗೆ ಅಲ್ಲಿ ಹೋಗಿ ಕೆಲಸ ಮಾಡಬೇಕೆಂದರೆ ಪರವಾನಗಿ ಬೇಕು, ಅವರಿಗೆ ಬೇಡ. ಒಕ್ಕೂಟದ ಪ್ರಜೆಯಾಗಿ ಆ ಹಕ್ಕು ಅವರಿಗೆ ಉಳಿದಿತ್ತು. ಹೊರಡುವ ದಿನ ಅವರು ಪ್ಯಾಲೆಟ್‌ಗಳ ಮುದ್ರೆ ನೋಡುವ ಆ ಟಾರ್ಚನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಕಾಕಾ ಕಾಯುತ್ತಿದ್ದ ಭಾರತದ ಒಪ್ಪಂದದ ಮಾತುಕತೆ 2022ರ ಜನವರಿಯಲ್ಲಿ ಆರಂಭವಾಯಿತು. ಆ ವರ್ಷದ ದೀಪಾವಳಿಯೊಳಗೆ ಮುಗಿಸುತ್ತೇವೆಂದು ಜಾನ್ಸನ್ ಹೇಳಿದ್ದರು. ಮುಗಿದದ್ದು 2025ರ ಮೇ 6ರಂದು, ಸಹಿ ಬಿದ್ದದ್ದು ಜುಲೈ 24ರಂದು, ಪ್ರಧಾನಿಗಳ ಹಳ್ಳಿಮನೆಯಾದ ಚೆಕರ್ಸ್‌ನಲ್ಲಿ. ಸ್ಕಾಚ್ ವಿಸ್ಕಿ, ಕಾರುಗಳು, ಭಾರತದಿಂದ ತಾತ್ಕಾಲಿಕವಾಗಿ ಬರುವ ನೌಕರರಿಗೆ ಮೂರು ವರ್ಷ ಇಲ್ಲಿಯ ಸಾಮಾಜಿಕ ಭದ್ರತಾ ವಂತಿಗೆಯ ವಿನಾಯಿತಿ, ಹೀಗೆ ಮತ್ತೆ ಎರಡೂ ಕಡೆ ವಾದ ಎದ್ದಿತು. ಭಾರತದ ಉಡುಪುಗಳ ಮೇಲಿನ ಸುಂಕವನ್ನು ತೆಗೆಯುವ ಮಾತು ಅದರಲ್ಲಿದೆ. ಇದು ಕಾಕಾ ಬಯಸಿದ್ದೇ, ಜೊತೆಗೆ ಅವರ ಹೊಲಿಗೆ ಘಟಕಕ್ಕೆ ಇನ್ನಷ್ಟು ಪೈಪೋಟಿ ತರುವಂಥದ್ದು ಎಂಬುದೂ ಅವರಿಗೆ ಗೊತ್ತಿದೆ. ಸಹಿಯಾದ ಮರುದಿನ ಅವರು ಪತ್ರಿಕೆಯನ್ನು ಮಡಿಸಿ ಬದಿಗಿಟ್ಟು, ಮೂಲ ನಿಯಮಗಳ ಅಧ್ಯಾಯವನ್ನು ತೆಗೆಯಿರಿ, ಮೊದಲು ಅದನ್ನು ಓದೋಣ ಎಂದರು.

ಓದುತ್ತ ಎದ್ದ ಪ್ರಶ್ನೆಗಳನ್ನು ಕೇಳಲು ಬೆಂಗಳೂರಿನ ಪೀಣ್ಯದ ಕಾರ್ಖಾನೆಗೆ ನಾನೇ ಫೋನ್ ಮಾಡಿದೆ. ‘ಸಾರ್, ನೀವು ನಮಗೆ ಕಳಿಸುವ ಫ್ರಾಕಿನ ಬಟ್ಟೆ ಎಲ್ಲಿ ನೇಯ್ದದ್ದು, ನೂಲು ಎಲ್ಲಿಯದು, ದಾಖಲೆ ಸಿಗುತ್ತದೆಯೇ?’ ಎಂದು ಅಳುಕುತ್ತಲೇ ಕೇಳಿದೆ. ಮ್ಯಾನೇಜರ್ ಒಂದು ಕ್ಷಣವೂ ತಡೆಯದೆ ಹೇಳಿದರು: ‘ನೂಲು ಕೊಯಮತ್ತೂರು, ಬಟ್ಟೆ ಈರೋಡು, ಗುಂಡಿ ಮಾತ್ರ ಚೀನಾದ್ದು ಮೇಡಂ. ಲಾಟ್ ನಂಬರ್ ಸಮೇತ ಎಲ್ಲ ಫೈಲಿನಲ್ಲಿದೆ. ಯುರೋಪಿಗೆ ಕಳಿಸುವವರು ನಾವು, ಇಪ್ಪತ್ತೈದು ವರ್ಷದಿಂದ ಇದನ್ನೆಲ್ಲ ಬರೆದಿಟ್ಟುಕೊಂಡೇ ಬಂದಿದ್ದೇವಲ್ಲ. ಯಾವ ವರ್ಷದ್ದು ಬೇಕು ಹೇಳಿ.’